ಹೊಳೆಹುಚ್ಚನ ಹೆಸರಿನ ದಾರಿ

ಒಂದು ಸಹಿ ಬಾಕಿ ಇದೆ ಎಂದು ನಗರಸಭೆಯ ಗುಮಾಸ್ತ ಬೆಳಿಗ್ಗೆ ಎಂಟಕ್ಕೇ ಟೈಲರ್ ಮನೆಯ ಬಾಗಿಲು ಬಡಿದ. ಮೂರು ವರ್ಷ ಅಲೆಸಿದ ಕಚೇರಿ ತಾನಾಗಿಯೇ ಮನೆಗೆ ನಡೆದು ಬಂದರೆ ಯಾರಿಗಾದರೂ ಅನುಮಾನ ಬರಬೇಕು. ಟೈಲರ್‌ಗೆ ಬಂದದ್ದು ಖುಷಿ.

ಹೊಳೆದಂಡೆಯ ಹೊಸ ಕಾಲುದಾರಿಗೆ ಅವತ್ತು ಅವನ ಅಪ್ಪನ ಹೆಸರಿಡುವುದಿತ್ತು. ಅಪ್ಪ ಇಪ್ಪತ್ತು ವರ್ಷ ಕೊಕ್ಕೆ ಹಿಡಿದು ಹೊಳೆಯ ಕಸ ಎಳೆದವನು, ದಂಡೆಯುದ್ದಕ್ಕೂ ಮರ ನೆಟ್ಟವನು. ಊರು ಅವನನ್ನು ಹೊಳೆಹುಚ್ಚ ಎಂದಿತ್ತು. ಅಮ್ಮ ಹುಚ್ಚನ ಹೆಂಡತಿ ಎನಿಸಿಕೊಂಡೇ ಮುದುಕಿಯಾದಳು. ಅವನು ಸತ್ತ ಮೇಲೆ ಅವೇ ಬಾಯಿಗಳು ಪುಣ್ಯಾತ್ಮ ಎಂದವು. ಈ ಊರಲ್ಲಿ ಬಡ್ತಿ ಸಿಗಬೇಕಾದರೆ ಸಾಯಬೇಕು.

"ನಗರಸಭೆ ಮೇಲೆ ಕೇಸು ಹಾಕಿದವರ ಹೆಸರನ್ನ ನಗರಸಭೆ ದಾರಿಗೆ ಹೇಗ್ರೀ ಇಡೋದು?" ಗುಮಾಸ್ತ ಕಾಗದ ಚಾಚಿದ. "ಕೇಸು ವಾಪಸ್ ತಗೊಂಡೆ ಅಂತ ಒಂದು ಸಹಿ. ಸುಮ್ನೆ ಶಾಸ್ತ್ರಕ್ಕೆ."

ಚರಂಡಿ ನೀರನ್ನು ಹೊಳೆಗೆ ಬಿಡುವ ಕೊಳವೆಯ ವಿರುದ್ಧ ಅಪ್ಪ ಹಾಕಿದ ಕೇಸು ಅದು. ತೀರ್ಪು ಬರುವವರೆಗೆ ಎಂದು ಕೋರ್ಟು ಕೊಳವೆಯ ಬಾಯಿಗೆ ಬಿರಡೆ ಜಡಿಸಿತ್ತು. ಅಪ್ಪನ ನಂತರ ಮಗ ಅದನ್ನು ನಡೆಸುತ್ತಿದ್ದ. ನಡೆಸುವುದೇನು, ತಾರೀಖು ಕೊಟ್ಟಾಗಲೆಲ್ಲ ಹೋಗಿ ಬೆಂಚು ಸವೆಸುತ್ತಿದ್ದ.

"ವಕೀಲರನ್ನ ಒಂದು ಮಾತು ಕೇಳ್ತೀನಿ," ಎಂದು ಫೋನ್ ಹುಡುಕಿದ. ಅದು ಪಕ್ಕದ ಮನೆಯ ಕಂಡಕ್ಟರ್ ಮಾವನ ಕೈಲಿತ್ತು. ನಿವೃತ್ತಿಯಾದ ಮೇಲೆ ಮಾವ ಬಸ್ಸಿನ ಬದಲು ಬೀದಿಯನ್ನೇ ನಡೆಸುತ್ತಿದ್ದರು.

"ಅಲುಗಾಡ್ಬೇಡ! ಪೆನ್ನು ಹಿಡ್ಕೊಂಡಿರೋದು ಭಾಳ ಚೆನ್ನಾಗಿ ಬರ್ತಿದೆ. ಈಗ ಫೋನ್ ಕೊಟ್ರೆ ವಿಡಿಯೋ ಹಾಳು."

"ಮಾವ, ಎರಡೇ ನಿಮಿಷ..."

"ಮಗ ಸಹಿ ಹಾಕೋ ಸೀನು ಮತ್ತೆ ಬರತ್ತೇನಪ್ಪ?"

ಅಷ್ಟರಲ್ಲಿ ಅಮ್ಮ ಒಳ್ಳೆಯ ಸೀರೆಯುಟ್ಟು ಹೊರಗೆ ಬಂದಳು. "ಏನೋ ತಡ? ಹೆಸರಿಡಲ್ವಂತಾ?"

ಆ ಮುಖ ನೋಡಿ ಟೈಲರ್ ಸಹಿ ಹಾಕಿದ. ಗುಮಾಸ್ತ ಸ್ಕೂಟರ್ ಹತ್ತಿ ಮಾಯವಾದ. ನಗರಸಭೆಯಲ್ಲಿ ಇಷ್ಟು ಚುರುಕು ಇದೆಯೆಂದು ಬೀದಿಗೆ ಗೊತ್ತೇ ಇರಲಿಲ್ಲ.

ಸಮಾರಂಭದಲ್ಲಿ, ಒಮ್ಮೆ ಅಪ್ಪನನ್ನು ಕಚೇರಿಯಿಂದ ಹೊರಗೆ ತಳ್ಳಿಸಿದ್ದ ನಗರಸಭೆ ಅಧ್ಯಕ್ಷರು "ಅವರು ನನ್ನ ಗುರುಗಳು" ಎಂದು ಅರ್ಧ ಗಂಟೆ ಗದ್ಗದಿತರಾದರು. ಆಮೇಲೆ ಫಲಕದ ಬಟ್ಟೆ ಎಳೆದರು. ಬಟ್ಟೆ ಮೊಳೆಗೆ ಸಿಕ್ಕಿಕೊಂಡಿತ್ತು. ಇನ್ನೂ ಜೋರಾಗಿ ಎಳೆದರು. ಫಲಕ ಬಟ್ಟೆ ಸಮೇತ ಅವರ ಕಾಲ ಮೇಲೆ ಬಿತ್ತು. ಅದೂ ಕಾರ್ಯಕ್ರಮವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕುಂಟುತ್ತಾ ಕಾರು ಹತ್ತಿದರು. ಫಲಕವನ್ನು ಮರಕ್ಕೆ ಒರಗಿಸಿಟ್ಟರು. ಅಮ್ಮ ಅದರ ಮುಂದೆ ಕೂತು ಒಂದೊಂದೇ ಅಕ್ಷರ ಸವರಿದಳು.

ಆಗ ವಕೀಲರು ಏದುಸಿರು ಬಿಡುತ್ತಾ ಬಂದರು. ಟೈಲರ್‌ನನ್ನು ಪಕ್ಕಕ್ಕೆ ಎಳೆದರು.

"ಎಷ್ಟು ಸಲ ಫೋನ್ ಮಾಡೋದಯ್ಯ? ಇಪ್ಪತ್ತೆರಡು ಸಲ!"

"ಓ, ಅದು ನೀವಾ?" ಇನ್ನೂ ಟೈಲರ್‌ನ ಫೋನ್ ಹಿಡಿದೇ ಇದ್ದ ಕಂಡಕ್ಟರ್ ಮಾವ ಹಲ್ಲು ಬಿಟ್ಟರು. "ವಿಡಿಯೋಗೆ ಅಡ್ಡ ಬರ್ತಿತ್ತು. ಕಟ್ ಮಾಡ್ತಾನೇ ಇದ್ದೆ."

"ಇವತ್ತು ತೀರ್ಪು ಕಣೋ! ನಿನ್ನೆ ಸಂಜೆ ಕೋರ್ಟಿನ ಪಟ್ಟಿ ಬಂತು, ನಗರಸಭೆಯೋರೂ ನೋಡಿದಾರೆ. ಕೊಳವೆ ಕಾಯಂ ಮುಚ್ಚಿ ಅಂತ ಬರೆದಾಗಿತ್ತಂತೆ. ಓದೋಕೆ ಜಡ್ಜು ಕನ್ನಡಕ ಹಾಕ್ಕೊಂಡ್ರು. ಅಷ್ಟರಲ್ಲಿ ನಿನ್ನ ಕಾಗದ ಮುಂದಿಟ್ರು. ಕೇಸು ನಡೆಸೋನೇ ಬೇಡ ಅಂದ್ಮೇಲೆ ವಜಾ ಮಾಡ್ದೆ ಇನ್ನೇನ್ಮಾಡ್ತಾರೆ?" ವಕೀಲರು ಬೆವರು ಒರೆಸಿಕೊಂಡು ಹೊರಟುಹೋದರು.

ದಾರಿಯ ಆ ತುದಿಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಇಬ್ಬರು ಆಳುಗಳು ಕೊಳವೆಯ ಬಿರಡೆ ಒಡೆಯುತ್ತಿದ್ದರು.

"ವಕೀಲರು ಯಾಕೋ ಬಂದಿದ್ರು?" ಅಮ್ಮ ಕೇಳಿದಳು. "ನಿಮ್ಮಪ್ಪನ ಕೇಸು ಗೆದ್ವಾ?"

ಟೈಲರ್ ಆ ತುದಿ ಅವಳಿಗೆ ಕಾಣದಂತೆ ಅಡ್ಡ ನಿಂತ. "ಗೆದ್ದಿದ್ವಿ ಅಮ್ಮ."

ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಕ್ಕಳು. ಅವನ ಕೈ ಹಿಡಿದು ಎದ್ದಳು.

"ಹಾಗಾದ್ರೆ ನಡಿ, ಅವರ ಹೊಳೆ ನೋಡ್ಕೊಂಡು ಬರೋಣ."

"ನಿಧಾನ ಅಮ್ಮ," ಎಂದ ಅವನು. "ಇನ್ನೂ ನಿಧಾನ."