ಹನ್ನೊಂದು ಗೇಟುಗಳ ಹಾದಿಯ ಮುಖ್ಯ ಅಭಿಯಂತರರಿಗೆ

ವಾಹನಮುಕ್ತ ಜಲ್ಲಿಹಾದಿ ವಿಭಾಗದ ಮುಖ್ಯ ಅಭಿಯಂತರರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಯೂ ತಮ್ಮ ಹನ್ನೊಂದು ಗೇಟುಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಗೇಟುಗಳನ್ನು ಕಳೆದ ವಾರವಷ್ಟೇ ಕಣ್ಣಾರೆ ಕಂಡು, ಕೈಯಾರೆ ಅಳೆದು ಬಂದಿರುವುದರಿಂದ ಅವುಗಳ ಆರೋಗ್ಯದ ಬಗ್ಗೆ ನನಗೆ ಯಾವ ಆತಂಕವೂ ಇಲ್ಲ. ಅವು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳುವ ಲಕ್ಷಣಗಳಿವೆ. ನಾನು ನಲವತ್ತು ವರ್ಷದಿಂದ ಮನೆಗಳಿಗೆ ಬಾಗಿಲು ಕೂರಿಸುವ ಬಡಗಿ. ಬಾಗಿಲು ಎಂಬುದು ಜನರನ್ನು ಒಳಗೆ ಬಿಡುವುದಕ್ಕಾಗಿ ಇರುವ ವಸ್ತು ಎಂಬ ಹಳೆಯ ಕಾಲದ ನಂಬಿಕೆಯಲ್ಲೇ ಇಷ್ಟು ವರ್ಷ ಹೊಟ್ಟೆ ಹೊರೆದವನಿಗೆ, ತಮ್ಮ ಗೇಟುಗಳು ಈ ಇಳಿವಯಸ್ಸಿನಲ್ಲಿ ಹೊಸ ವಿದ್ಯೆಯೊಂದನ್ನು ಕಲಿಸಿವೆ. ಅದಕ್ಕೆ ಕೃತಜ್ಞತೆ ಸಲ್ಲಿಸುವುದೇ ಈ ಪತ್ರದ ಮೊದಲ ಉದ್ದೇಶ.

ಹಿಂದೆ ಅದಿರಿನ ರೈಲು ಓಡುತ್ತಿದ್ದ ದಾರಿಯಲ್ಲಿ ಹಳಿ ಕಿತ್ತು, ಜಲ್ಲಿ ಹಾಸಿ, ಕಾಡಿನ ನಡುವೆ ನದಿಯ ಪಕ್ಕದಲ್ಲೇ ನಲವತ್ತೆರಡು ಕಿಲೋಮೀಟರು ಸೈಕಲ್ ಹಾದಿ ಮಾಡಿಸಿದವರು ತಾವು. ಕಾರಿಲ್ಲ, ಲಾರಿಯಿಲ್ಲ, ಹಿಂದಿನಿಂದ ಹಾರ್ನ್ ಹೊಡೆದು ಪ್ರಾಣ ಹಿಂಡುವವರಿಲ್ಲ. ಜಲ್ಲಿ ಎಷ್ಟು ಹದವಾಗಿ ಕೂತಿದೆಯೆಂದರೆ ಹಾದಿಯ ನಡುವೆ ಚಕ್ರ ಸದ್ದೇ ಮಾಡುವುದಿಲ್ಲ, ಅಂಚಿಗೆ ಸರಿದಾಗ ಮಾತ್ರ ಯಾರೋ ಹುರಿದ ಕಾಳು ಅಗಿದ ಹಾಗೆ ಕರಕರ ಎನ್ನುತ್ತದೆ. ಹಾದಿಯ ಕೊನೆಯಲ್ಲಿ ಎರಡು ನದಿಗಳು ಸೇರುವ ಜಾಗವಿದೆ. ಇಷ್ಟರವರೆಗೆ ಹೊಗಳಿಕೆಗೆ ನನ್ನಲ್ಲಿ ಪದಗಳ ಕೊರತೆಯಿಲ್ಲ. ಮುಂದೆ ಸ್ವಲ್ಪ ಕೊರತೆ ಬೀಳಬಹುದು, ಮನ್ನಿಸಬೇಕು.

ನನ್ನಾಕೆ ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳು. ಆ ಎರಡು ನದಿಗಳನ್ನು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಸೇರಿಸುತ್ತಿದ್ದಳೇ ಹೊರತು ಕಣ್ಣಾರೆ ನೋಡಿರಲಿಲ್ಲ, ಏಕೆಂದರೆ ಆಗ ಅಲ್ಲಿಗೆ ಅದಿರು ಮಾತ್ರ ಹೋಗಿ ಬರುತ್ತಿತ್ತು, ಶಿಕ್ಷಕಿಯರು ಹೋಗುವಂತಿರಲಿಲ್ಲ. ಕೊನೆಗೆ ತಮ್ಮ ಕೃಪೆಯಿಂದ ಹಾದಿಯಾಯಿತು. ಅಷ್ಟರಲ್ಲಿ ಅವಳ ಕಣ್ಣು ಹೋಯಿತು. ಪೂರ್ತಿ ಹೋಗಿರಲಿಲ್ಲ. ಎಡಗಣ್ಣಿನ ಅಂಚಿನಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುವಷ್ಟು ಉಳಿದಿತ್ತು. ಕಳೆದ ವರ್ಷಾರಂಭದಲ್ಲಿ ಕಣ್ಣಿನ ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ, "ನೋಡಬೇಕಾದ್ದೇನಾದ್ರೂ ಇದ್ರೆ ಬೇಗ ನೋಡ್ಬಿಡಿ. ಈ ವರ್ಷದ ಬೆಳಕನ್ನ ಮುಂದಿನ ವರ್ಷಕ್ಕೆ ಎತ್ತಿಡೋಕಾಗಲ್ಲ" ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅವಳು, "ಹಾಗಾದ್ರೆ ನದಿ ಸೇರೋ ಜಾಗಕ್ಕೆ ಹೋಗೋಣ" ಎಂದಳು. ಮಕ್ಕಳ ಮನೆಗಲ್ಲ, ಮದುವೆಯ ಆಲ್ಬಮ್ ನೋಡಲಿಕ್ಕಲ್ಲ. ಗಂಡನ ಮುಖವನ್ನು ಇನ್ನೊಮ್ಮೆ ದಿಟ್ಟಿಸಬೇಕೆಂಬ ಆಸೆಯೂ ಅವಳಿಗೆ ಇದ್ದಂತೆ ಕಾಣಲಿಲ್ಲ.

ನಮ್ಮ ಬೀದಿಯ ವೆಲ್ಡರ್, ಎಲ್ಲರೂ ಕಿಡಿಮಾಮ ಎಂದು ಕರೆಯುವ ಹಿರಿಯರು, ಎರಡು ಹಳೆಯ ಸೈಕಲ್‌ಗಳನ್ನು ಕೊಯ್ದು ಬೆಸೆದು ಎರಡು ಸೀಟಿನ ಒಂದು ಸೈಕಲ್ ಮಾಡಿಕೊಟ್ಟರು. ಮುಂದೆ ನಾನು, ಹಿಂದೆ ಅವಳು. ಉದ್ದ ಎರಡೂವರೆ ಮೀಟರು, ತೂಕ ಮೂವತ್ತೆಂಟು ಕಿಲೋ. ಈ ಎರಡು ಅಂಕಿಗಳನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು.

ತಮ್ಮ ಗೇಟು ಎಂದರೆ, ತಾವು ಮರೆತಿದ್ದರೆ ನೆನಪಿಸಲೆಂದು ಹೇಳುತ್ತಿದ್ದೇನೆ, ಸೊಂಟದೆತ್ತರದ ಎರಡು ಕಬ್ಬಿಣದ ಕಟಕಟೆಗಳು. ಒಂದು ಎಡದಿಂದ, ಇನ್ನೊಂದು ಬಲದಿಂದ, ಒಂದರ ಹಿಂದೊಂದಾಗಿ ಹಾದಿಗೆ ಅಡ್ಡ ಬಂದಿವೆ, ನಡುವೆ ಒಂದು ಮೀಟರು ಹತ್ತು ಸೆಂಟಿಮೀಟರು ಜಾಗ. ಮೋಟಾರು ಬೈಕುಗಳು ನುಸುಳಬಾರದೆಂದು ಈ ಏರ್ಪಾಡು. ಒಂಟಿ ಸೈಕಲ್ಲಿನವರು ಹಾವಿನಂತೆ ಬಳುಕಿ ದಾಟುತ್ತಾರೆ. ಎರಡೂವರೆ ಮೀಟರಿನ ಸೈಕಲ್ ಬಳುಕುವುದಿಲ್ಲ. ಗಾಲಿಕುರ್ಚಿ ಬಳುಕುವುದಿಲ್ಲ, ಅವಳಿ ಮಕ್ಕಳ ತಳ್ಳುಗಾಡಿ ಬಳುಕುವುದಿಲ್ಲ. ಮೋಟಾರು ಬೈಕಿನವರ ಮಾತು ಬೇರೆ. ಅವರು ಗೇಟಿನ ಪಕ್ಕದ ಹಳ್ಳಕ್ಕೆ ಇಳಿದು, ಭರ್ ಎಂದು ಏರಿ, ನಮಗೆ ಕೈ ಬೀಸಿ ಹೋಗುತ್ತಾರೆ. ಇಂಜಿನ್ ಇರುವವರಿಗೆ ಆ ಹಳ್ಳ ಒಂದು ಲೆಕ್ಕವೇ ಅಲ್ಲ. ಹೀಗೆ ಇಂಜಿನ್ ಇಲ್ಲದವರನ್ನೆಲ್ಲ ತಡೆದು ಇಂಜಿನ್ ಇದ್ದವರಿಗಷ್ಟೇ ದಾರಿ ಬಿಡುವ ವಾಹನಮುಕ್ತ ಹಾದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ಹೋದಾಗ ನಾನು ಮುಂಭಾಗ, ಅವಳು ಹಿಂಭಾಗ ಹಿಡಿದು ಸೈಕಲ್ಲನ್ನು ಕಟಕಟೆಗಳ ಮೇಲಿಂದ ಎತ್ತಿ ದಾಟಿಸಿದೆವು. ಒಂದು ಗೇಟಿಗೆ ಹದಿನಾಲ್ಕು ನಿಮಿಷ. ಮೂರನೆಯ ಗೇಟು ದಾಟುವಷ್ಟರಲ್ಲಿ ಸುಸ್ತಾಗಿ ಹಿಂದಿರುಗಿದೆವು. ಅಂದರೆ ಅದೇ ಮೂರನ್ನು ಮತ್ತೆ ಎತ್ತಿದೆವು. ಮರುದಿನ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಸಮಾಧಾನದ ಹೆಣ್ಣುದನಿಯೊಂದು, "ನಮ್ಮ ಫಾರಂನಲ್ಲಿ ಸೈಕಲ್ ಅಂತ ಒಂದೇ ಕಾಲಂ ಇರೋದು ಸಾರ್. ಎರಡು ಜನ ಒಟ್ಟಿಗೆ ಹೋಗ್ತೀರ ಅಂದ್ರೆ ಅದು ಮೆರವಣಿಗೆ ಆಗತ್ತೆ. ಅದು ಬೇರೆ ಇಲಾಖೆ" ಎಂದಿತು. ನಾನು ಲಿಖಿತವಾಗಿ ದೂರಿದೆ. ಮೂರು ವಾರಕ್ಕೆ ಉತ್ತರವೂ ಬಂತು: 'ತಮ್ಮ ದೂರನ್ನು ಸಲಹೆಯೆಂದು ಪರಿಗಣಿಸಿ, ಸದರಿ ಸಲಹೆಯನ್ನು ಮೆಚ್ಚುಗೆಯೆಂದು ದಾಖಲಿಸಲಾಗಿದೆ.' ಅದನ್ನು ಓದಿ ಹೇಳಿದಾಗ ನನ್ನಾಕೆ, "ಇನ್ನೊಂದು ಪತ್ರ ಬರೀಬೇಡಿ, ನಿಮಗೆ ಸನ್ಮಾನ ಮಾಡ್ಬಿಟ್ಟಾರು" ಎಂದಳು.

ಎರಡನೆಯ ಸಲ ಹಟ ಹಿಡಿದು ಬೆಳಗ್ಗೆ ಬೇಗ ಹೊರಟು ಆರು ಗೇಟು ದಾಟಿದೆವು. ಏಳನೆಯದರಲ್ಲಿ ಸೈಕಲ್ ಎತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಸೊಂಟದಲ್ಲಿ ಏನೋ ಚಳಕ್ ಎಂದಿತು. ಉಸಿರು ತೆಗೆದರೂ ನೋವು. ಸುತ್ತ ಕಾಡು, ಕೆಳಗೆ ನದಿ, ಮುರಿದ ಕೊಡೆಯಂತೆ ಬಗ್ಗಿ ನಿಂತ ನಾನು, ನನ್ನ ತೋಳು ಹುಡುಕುತ್ತ ಕೈ ಚಾಚಿದ ಅವಳು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಹಾದಿಯ ಬಾಯಲ್ಲಿರುವ ದೊಡ್ಡ ಗೇಟಿನ ಕೀಲಿ ತಮ್ಮ ಕಚೇರಿಯಲ್ಲಿದೆ, ಅದಿಲ್ಲದೆ ಬರಲಾಗದು ಎಂದರು. ಕಚೇರಿಗೆ ಫೋನ್ ಮಾಡಿದೆವು. "ಕೀಲಿ ಸಾಹೇಬರ ಹತ್ರಾನೇ ಇರತ್ತೆ. ಸಾಹೇಬರು 'ಅಡೆತಡೆಯಿಲ್ಲದ ಪ್ರಯಾಣ' ಅನ್ನೋ ತರಬೇತಿಗೆ ಹೋಗಿದಾರೆ, ನಾಲ್ಕು ದಿನ ಬಿಟ್ಟು ಮಾಡಿ" ಎಂದರು. ತರಬೇತಿ ಫಲಪ್ರದವಾಯಿತೆಂದು ಭಾವಿಸುತ್ತೇನೆ.

ಒಂದೂವರೆ ಕಿಲೋಮೀಟರು ಹಿಂದೆ, ಆರನೆಯ ಮತ್ತು ಏಳನೆಯ ಗೇಟುಗಳ ನಡುವೆ, ಅರಣ್ಯ ರಕ್ಷಕಿಯೊಬ್ಬರ ಚೌಕಿ ಇತ್ತು. ಅಲ್ಲಿಂದ ರಸ್ತೆಗೆ ಜೀಪಿನ ದಾರಿಯೂ ಇತ್ತು. ನಡೆಯುವುದು ನನ್ನಿಂದ ಆಗದ ಮಾತು. ಅವಳನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ನಾನು ಹೀಗೆ ಲೆಕ್ಕ ಹಾಕುತ್ತಿರುವಾಗ ಅವಳು ಸೈಕಲ್ಲನ್ನು ತಡವಿ ನೋಡಿ, ತಿರುಗಿಸಿ ನಿಲ್ಲಿಸಿ, ಮುಂದಿನ ಸೀಟು ಹತ್ತಿ ಕೂತು, "ಹಿಂದೆ ಕೂತ್ಕೊಳ್ಳಿ" ಎಂದಳು.

ನನಗೆ ನಗು ಬಂತು, ನಕ್ಕರೆ ಸೊಂಟ ನೋಯುವುದರಿಂದ ನಗಲಿಲ್ಲ.

"ಎಡ ಬಲ ಅಂತ ನೀವು ಹೇಳಿ, ಸಾಕು. ಮೂವತ್ತೊಂದು ವರ್ಷ ಕ್ಲಾಸಿಗೆ ನಲವತ್ತು ಜನರನ್ನ ದಾರಿಗೆ ತಂದಿದೀನಿ. ನೀವೊಬ್ರು ಹೆಚ್ಚಾ?"

ಬಗ್ಗಿಹೋಗಿದ್ದ ನನ್ನ ಭಂಗಿ ಹಿಂದಿನ ಸೀಟಿಗೆ ಹೇಳಿ ಮಾಡಿಸಿದಂತಿತ್ತು. ಹೀಗೆ, ಮಾನ್ಯರೇ, ತಮ್ಮ ಹಾದಿಯಲ್ಲಿ ಅಂದು ಕಣ್ಣು ಕಾಣದ ಹೆಂಗಸೊಬ್ಬಳು ಹ್ಯಾಂಡಲ್ ಹಿಡಿದಳು, ಕಣ್ಣಿದ್ದ ಗಂಡಸು ಹಿಂದೆ ಕೂತು ಕೂಗಿದ. ಮೊದಲ ತಿರುವಿನಲ್ಲಿ ನಾನು "ಎಡ, ಎಡ, ಅಯ್ಯೋ ಎಡ" ಎಂದೆ. ಎರಡನೆಯದರಲ್ಲಿ ಒಂದೇ ಸಲ "ಬಲ" ಎಂದೆ. ಮೂರನೆಯದರಲ್ಲಿ ನೋವಿಗೆ ಕಣ್ಣು ಮುಚ್ಚಿಕೊಂಡು ಹೇಳುವುದನ್ನೇ ಮರೆತೆ. ತೆರೆದು ನೋಡಿದರೆ ಸೈಕಲ್ ತಿರುವು ದಾಟಿ ಆಗಿತ್ತು. ಅಂಚಿನ ಜಲ್ಲಿ ಕರಕರ ಎಂದ ಕೂಡಲೇ ಅವಳು ಒಳಕ್ಕೆ ಎಳೆಯುತ್ತಿದ್ದಳು. "ನೀವು ಕೂಗಬೇಡಿ, ನನಗೆ ರಸ್ತೆ ಕೇಳಿಸಲ್ಲ" ಎಂದಳು. ಆರು ವರ್ಷದಿಂದ ನನ್ನ ತೋಳು ಹಿಡಿದೇ ನಡೆದವಳು, ನದಿಯ ಗಾಳಿಗೆ ಮುಖವೊಡ್ಡಿಕೊಂಡು, ಸೆರಗನ್ನು ನನ್ನ ಮುಖಕ್ಕೆ ಹಾರಿಸುತ್ತ ಪೆಡಲ್ ತುಳಿಯುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಚೌಕಿಯ ಮುಂದೆ ಇಳಿದಾಗ ನೋಡಿದರೆ ನಗುತ್ತಿದ್ದಳು. ಅರಣ್ಯ ರಕ್ಷಕಿ ಓಡಿ ಬಂದು, "ಓಡಿಸಿಕೊಂಡು ಬಂದವರು ಯಾರು?" ಎಂದರು, ಹೇಳಿದ ಮೇಲೆ ನಂಬದೆ ನನ್ನ ಮುಖ ನೋಡಿದರು. ಜಲ್ಲಿಯನ್ನು ಅಷ್ಟು ಅಚ್ಚುಕಟ್ಟಾಗಿ ಹಾಸಿದ ಕೈಯೇ ಆ ಗೇಟನ್ನೂ ನೆಟ್ಟಿತೆಂಬುದನ್ನು ನಾನು ಇವತ್ತಿಗೂ ಒಪ್ಪಿಕೊಳ್ಳಲಾರೆ.

ಆರು ವಾರ ಮಲಗಿದೆ. ಮುಂದೆ ಭಾರ ಎತ್ತುವಂತಿಲ್ಲ ಎಂದು ಮೂಳೆ ಡಾಕ್ಟರು ಹೇಳಿದರು. ಇತ್ತ ಅವಳ ಎಡಗಣ್ಣಿನ ಬೆಳಕು ದಿನದಿನಕ್ಕೂ ಸಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಕಿಟಕಿಯ ಬಳಿ ನಿಂತು, "ಪರದೆ ಎಳೆದಿದೀರಾ?" ಎಂದು ಕೇಳಿದಳು. ಪರದೆ ಎಳೆದಿರಲಿಲ್ಲ. ನಾನು ಎಳೆದಿದ್ದೇನೆ ಎಂದೆ.

ಇನ್ನು ತಮ್ಮ ಗೇಟುಗಳ ವಿರುದ್ಧ ನಡೆದ ಪಿತೂರಿಯೊಂದನ್ನು ಜವಾಬ್ದಾರಿಯುತ ನಾಗರಿಕನಾಗಿ ತಮ್ಮ ಗಮನಕ್ಕೆ ತರಬೇಕಾಗಿದೆ. ನನ್ನಾಕೆಯ ತಂಗಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅವಳ ಕತ್ತರಿಗೆ ತಲೆ ಕೊಟ್ಟವರು ನಮ್ಮ ಕತೆ ಪೂರ್ತಿ ಕೇಳದೆ ಎದ್ದು ಹೋಗುವಂತಿಲ್ಲ. ಕಳೆದ ತಿಂಗಳ ಎರಡನೆಯ ಭಾನುವಾರ, ಒಂದೊಂದು ಗೇಟಿಗೆ ಇಬ್ಬರಂತೆ ಇಪ್ಪತ್ತೆರಡು ಜನ ನಮಗಿಂತ ಮೊದಲೇ ಹೋಗಿ ನಿಂತಿದ್ದರು. ಒಂದನೆಯದರಲ್ಲಿ ಹಲ್ಲಿನ ಡಾಕ್ಟರು ಮತ್ತು ಅವರಿಗೆ ಹೆದರುವ ಬೇಕರಿಯವರು. ಏಳನೆಯದರಲ್ಲಿ ಅರಣ್ಯ ರಕ್ಷಕಿ ಮತ್ತವರ ಯಜಮಾನರು. ಎಂಟನೆಯದರಲ್ಲಿ, ನಾದಿನಿಯ ಅಜಾಗರೂಕತೆಯಿಂದ, ಕಾಂಪೌಂಡ್ ಗೋಡೆಯೊಂದರ ಸಲುವಾಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ನೆರೆಯವರು. ನಾವು ಹೋಗುವಷ್ಟರಲ್ಲಿ ಅವರು ಒಂದೂವರೆ ಗಂಟೆ ಬೇರೆ ಬೇರೆ ದಿಕ್ಕು ನೋಡುತ್ತ ನಿಂತಿದ್ದರಂತೆ. ಸೈಕಲ್ ಎತ್ತುವಾಗ ಒಬ್ಬರು, "ನಿಮ್ಮ ಕಡೆ ಸ್ವಲ್ಪ ಎತ್ರೀ" ಎಂದರು. ಇನ್ನೊಬ್ಬರು, "ಎತ್ತೇ ಇದೀನಲ್ರೀ" ಎಂದರು. ಒಂಬತ್ತು ವರ್ಷದ ಮೌನ ಮುರಿದ ಕೀರ್ತಿಯನ್ನೂ ತಮ್ಮ ಗೇಟಿನ ಖಾತೆಗೇ ಬರೆದುಕೊಳ್ಳಬಹುದು.

ಮಧ್ಯಾಹ್ನಕ್ಕೆ ಮುಂಚೆ ಹಾದಿಯ ಕೊನೆ ಮುಟ್ಟಿದೆವು. ಅವಳು ನನ್ನ ಕೈ ಬಿಡಿಸಿಕೊಂಡು ಕಲ್ಲಿನ ಮೇಲೆ ನಿಂತಳು. ತಲೆಯನ್ನು ಹಕ್ಕಿಯಂತೆ ಓರೆ ಮಾಡಿ, ಎಡಗಣ್ಣಿನ ಆ ಅಂಚನ್ನು ನೀರಿನ ಕಡೆ ಹಿಡಿದು, ಬಹಳ ಹೊತ್ತು ಹಾಗೇ ಇದ್ದಳು. ನಾನು ಏನೋ ವಿವರಿಸಲು ಬಾಯಿ ತೆರೆದೆ. "ಸುಮ್ನಿರಿ, ನೋಡ್ತಿದೀನಿ" ಎಂದಳು. ಆಮೇಲೆ, "ಎಡಗಡೆಯದು ಬೆಳ್ಳಗಿದೆ, ಬಲಗಡೆಯದು ಮಂದ. ಸೇರಿದ ಮೇಲೂ ಸ್ವಲ್ಪ ದೂರ ಬೇರೆ ಬೇರೆಯಾಗೇ ಹೋಗ್ತವೆ. ನಾನು ಮಕ್ಕಳಿಗೆ ಎರಡಕ್ಕೂ ಒಂದೇ ನೀಲಿ ಹಚ್ಚೋಕೆ ಹೇಳ್ತಿದ್ದೆ" ಎಂದಳು. ನನ್ನ ಕಣ್ಣಿಗೆ ಎರಡೂ ಒಂದೇ ಬಣ್ಣದ ಕೆಸರು ನೀರು. ಅದನ್ನು ನಾನು ಹೇಳಲಿಲ್ಲ, ತಾವೂ ಹೇಳಬಾರದಾಗಿ ವಿನಂತಿ.

ಆ ಬೆಳಕೂ ಈಗ ಇಲ್ಲ. ಹತ್ತು ದಿನದ ಹಿಂದೆ ಹೋಯಿತು. ನಾವು ಅಂದುಕೊಂಡಷ್ಟು ಗೋಳಾಡಲಿಲ್ಲ ಅವಳು. ಮೂರನೆಯ ದಿನ, "ನೋಡಿದ್ದಾಯ್ತು. ಅವತ್ತು ನಿಮ್ಮೆಲ್ಲರ ಗಲಾಟೆಯಲ್ಲಿ ನೀರಿನ ಸದ್ದು ಸರಿಯಾಗಿ ಕೇಳಿಸಲೇ ಇಲ್ಲ, ಇನ್ನೊಂದ್ಸಲ ಹೋಗೋಣ" ಎಂದಳು. ಮುಂದಿನ ಸೀಟು ತನಗೇ ಬೇಕಂತೆ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಪ್ರತಿ ಗೇಟಿನಲ್ಲಿ ಒಂದು ಕಟಕಟೆಯನ್ನು ತುದಿಯಿಂದ ಕೇವಲ ನಲವತ್ತು ಸೆಂಟಿಮೀಟರು ಕತ್ತರಿಸಿದರೆ ಸಾಕು. ಅಳತೆಯ ನಕ್ಷೆ ಲಗತ್ತಿಸಿದ್ದೇನೆ, ಕೆಲಸಕ್ಕೆ ಕಿಡಿಮಾಮ ಸಿದ್ಧರಿದ್ದಾರೆ. ಇದು ದುಡುಕಿನ ಬೇಡಿಕೆ ಎನಿಸಿದರೆ, ಹನ್ನೊಂದು ಗೇಟುಗಳಿಗೂ ತಲಾ ಒಬ್ಬ ಹಲ್ಲಿನ ಡಾಕ್ಟರನ್ನೂ ಬೇಕರಿಯವರನ್ನೂ ಖಾಯಂ ಆಗಿ ನೇಮಿಸಬಹುದು. ಅಥವಾ ನನ್ನಾಕೆ ಮೋಟಾರು ಬೈಕು ಎಂದು ದೃಢೀಕರಣ ಪತ್ರ ಕೊಟ್ಟರೆ ಹಳ್ಳದ ಕಡೆಯಿಂದ ಗೌರವಯುತವಾಗಿ ಹೋಗುತ್ತೇವೆ. ಅದೂ ನಿಯಮಬಾಹಿರವಾದಲ್ಲಿ, ಎರಡೂ ನದಿಗಳನ್ನು ಮೊದಲನೆಯ ಗೇಟಿನ ಈಚೆಗೆ ಸ್ಥಳಾಂತರಿಸುವ ಬಗ್ಗೆ ಸಂಬಂಧಪಟ್ಟ ಇಲಾಖೆಗೆ ಬರೆಯುವ ಕೃಪೆ ಮಾಡಬೇಕು. ತರಾತುರಿಯಿಲ್ಲ. ಮುಂದಿನ ಭಾನುವಾರದೊಳಗೆ ಆದರೆ ಸಾಕು.

ಗೇಟಿನ ಈಚೆ ಕಡೆಯಿಂದಲೇ ಕೈಮುಗಿಯುತ್ತಿರುವ,
ತಮ್ಮ ವಿಶ್ವಾಸಿ,
ಬಾಗಿಲು ಬಡಗಿ (ಹಿಂದಿನ ಸೀಟು)

ತಾ.ಕ.: ಈ ಪತ್ರವನ್ನು ಪತ್ರಿಕೆಗೆ ಕೊಟ್ಟು ಊರಿಗೆಲ್ಲ ಓದಿಸುವ ಉದ್ದೇಶ ನನಗಿರಲಿಲ್ಲ. ತಮ್ಮ ಕಚೇರಿಯ ಮೆಟ್ಟಿಲ ಬಳಿ ಇರುವ ಕುಂದುಕೊರತೆ ಪೆಟ್ಟಿಗೆಯಲ್ಲೇ ಹಾಕಿ ಹೋಗೋಣವೆಂದು ಬಂದಿದ್ದೆ. ಪೆಟ್ಟಿಗೆಯ ಬಾಯಿಗೆ ತಗಡು ಬಡಿದು ಮುಚ್ಚಲಾಗಿದೆ. ಏಕೆಂದು ಬಾಗಿಲ ಕಾವಲಿನವರನ್ನು ಕೇಳಿದಾಗ ಅವರು ಬಹಳ ಬೇಸರದಿಂದ, "ಮುಚ್ಚದೆ ಇನ್ನೇನ್ ಮಾಡೋದು ಸಾರ್? ಬಂದವರೆಲ್ಲ ಅದರೊಳಗೆ ಕಾಗದ ಹಾಕಿ ಹೋಗ್ತಿದ್ರು" ಎಂದರು.