ಅಟ್ಟ ಲಟಕ್ಕೆಂದ ಸಂಜೆ

ಸಂಜೆ ಆರೂಕಾಲಿಗೆ, ನನ್ನ ಕಾದಂಬರಿಯಲ್ಲಿ ಒಂದು ಗ್ರಹ ಎರಡು ಹೋಳಾಗಬೇಕಿದ್ದ ಹೊತ್ತಿಗೆ ಸರಿಯಾಗಿ, ನಮ್ಮ ಮನೆಯ ಅಟ್ಟದ ತೊಲೆ ಲಟಕ್ಕೆಂದಿತು. ಗ್ರಹ ಒಡೆಯುವ ಸದ್ದು ಹೇಗಿರಬಹುದೆಂದು ಮಧ್ಯಾಹ್ನದಿಂದ ಪೆನ್ನು ಕಚ್ಚುತ್ತ ಕೂತಿದ್ದವನು ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ‘ಲಟಕ್’ ಎಂದು ಬರೆದುಕೊಂಡೆ. ಆಮೇಲೆ ತಲೆಯೆತ್ತಿ ನೋಡಿದೆ.

ವೈಜ್ಞಾನಿಕ ಕಾದಂಬರಿ ಬರೆಯುವವನಿಗೆ ಕಿಬ್ಬನಹಳ್ಳಿ ಪಕ್ಕದ ತೆಂಗಿನ ತೋಟದಲ್ಲೇನು ಕೆಲಸ ಎಂದು ನೀವು ಕೇಳಬಹುದು. ಊರವರೂ ಕೇಳುತ್ತಾರೆ. ಬಿಎಸ್ಸಿ ಮುಗಿಸಿ ಬಂದು ತೋಟ ನೋಡಿಕೊಂಡಿದ್ದೇನೆ. ಉಳಿದ ಹೊತ್ತಿನಲ್ಲಿ ಬರೆಯುತ್ತೇನೆ. ಪ್ರಕಾಶಕರು ಯಾರೂ ಸಿಗದ್ದರಿಂದ ನಾನು ಸ್ವತಂತ್ರ ಲೇಖಕ. ತಿಪಟೂರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು, ಬಸ್ಸು ನಿಲ್ಲುವ ಕಡೆಯ ಅಂಗಡಿಗಳಿಗೆ ನಾನೇ ಹಾಕಿ ಬರುತ್ತೇನೆ. ಅಲ್ಲಿ ಅವು ಬಾಳೆಗೊನೆಯ ಪಕ್ಕ ನೇತಾಡುತ್ತವೆ. ಬಾಳೆಹಣ್ಣು ಖರ್ಚಾಗುತ್ತದೆ. ಹುಳಿಯಾರಿನ ಅಂಗಡಿಯವನೊಬ್ಬ, “ಅಡುಗೆ ಮಾಡೋದು ಏನಾದ್ರೂ ಬರ್ದೀರಾ ಸಾರ್? ಹೆಂಗಸ್ರು ಕೇಳ್ತಾರೆ” ಎಂದಿದ್ದ. ಹೀಗೆ ಉಳಿದ ಪುಸ್ತಕಗಳ ಕಟ್ಟುಗಳು ನಮ್ಮ ನಡುಮನೆಯ ಗೋಡೆಯುದ್ದಕ್ಕೂ ನಿಂತಿದ್ದವು.

ಆ ನಡುಮನೆಯ ಮೇಲೇ ಅಟ್ಟ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಅಲ್ಲಾಡಿಸಿದಾಗ ಚಿಪ್ಪಿನೊಳಗೆ ಗಡಗಡ ಎಂದರೆ ಕೊಬ್ಬರಿಯಾಯಿತು ಎಂದರ್ಥ. ಆ ವರ್ಷ ಕೊಬ್ಬರಿಯ ಧಾರಣೆ ಬಿದ್ದುಹೋಗಿತ್ತು. “ಇರ್ಲಿ ಬುಡು, ರೇಟು ಬರ್ಲಿ” ಎಂದಳು ಅವ್ವ. ಊರೆಲ್ಲ ಹಾಗೇ ಅಂದಿತ್ತು. ಅಷ್ಟರಲ್ಲಿ ಹೊಸ ಕಾಯಿ ಬಂತು. ಹಳೆಯದರ ಮೇಲೆ ಅದನ್ನೂ ಏರಿಸಿದೆವು. ಭಾರದ ವಿಷಯವಾಗಿ ಪರೀಕ್ಷೆ ಬರೆದು ಪಾಸಾದ ನಾನೇ ಕೆಳಗೆ ನಿಂತು ಒಂದೊಂದೇ ಕಾಯಿ ಎಸೆದುಕೊಟ್ಟೆ.

ಇಷ್ಟೇ ಆಗಿದ್ದರೆ ಎಲ್ಲರೂ ಹೊರಗೆ ಓಡಿ, ದೂರ ನಿಂತು ನೋಡಬಹುದಿತ್ತು. ಆದರೆ ಬಿರುಕು ಬಿಟ್ಟ ಜಾಗದ ಕೆಳಗೇ ಅವ್ವನ ಮಂಚ. ತೊಟ್ಟಿಯ ಹತ್ತಿರ ಜಾರಿ ಬಿದ್ದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅವಳಿಗೆ ಜೊತೆಯಾಗಲೆಂದೇ ನಾನು ಅಲ್ಲಿ ಮೇಜು ಹಾಕಿಕೊಂಡಿದ್ದು.

“ಏನ್ಲಾ ಅದು?” ಎಂದಳು.

“ಏನಿಲ್ಲ ಅವ್ವ.”

“ಏನಿಲ್ದೆ ಯಾಕ್ಲಾ ಬಾಯಿ ಕಳ್ಕಂಡು ಮ್ಯಾಲೆ ನೋಡ್ತಿದ್ದೀಯ?”

ಅವಳ ಕಂಬಳಿಯ ಮೇಲೆ ಸಣ್ಣಗೆ ಮಣ್ಣು ಉದುರಿತು. ಒಂದು ಕಾಯಿ ಸಂದಿಯಿಂದ ಜಾರಿ ದಿಂಬಿನ ಪಕ್ಕದ ನೆಲಕ್ಕೆ ದೊಪ್ಪೆಂದು ಬಿತ್ತು. ಸದ್ದಿಗೆ ನನ್ನ ಹೆಂಡತಿ ಶಾರದಾ ಅಡುಗೆಮನೆಯಿಂದ ಬಂದಳು. ಇಬ್ಬರೂ ಅವ್ವನ ತೋಳಿಗೆ ಕೈಕೊಟ್ಟು ಎತ್ತಹೋದೆವು. ಅವ್ವ ನೋವಿಗೆ ಕಿರುಚಿದಳು, ಮೇಲೆ ತೊಲೆ ಮತ್ತೊಮ್ಮೆ ಲಟಕ್ಕೆಂದು ಕಣ್ಣೆದುರೇ ಬಗ್ಗಿತು. ಮಂಚವನ್ನು ಎಳೆಯೋಣವೆಂದರೆ ಅದು ನಡುಮನೆಯೊಳಗೇ ಜೋಡಿಸಿದ, ಬಾಗಿಲಲ್ಲಿ ಹಿಡಿಯದ ಹಳೆಯ ಮಂಚ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಗಿಲಿಗೂ ನಮಗೂ ನಡುವೆ ನನ್ನ ಸಾಹಿತ್ಯ.

ನನ್ನ ಕತೆಗಳಲ್ಲಿ ಇಂಥ ಹೊತ್ತಿಗೆ ನಾಯಕ ಒಂದು ಗುಂಡಿ ಒತ್ತುತ್ತಾನೆ. ನನ್ನ ಕೈಗೆ ಸಿಕ್ಕಿದ್ದು ಪೆನ್ನಿನ ಮುಚ್ಚಳ. ಅದನ್ನೇ ಒತ್ತುತ್ತ ನಿಂತಿದ್ದೆ.

“ರೀ, ಮೇಜು ಎಳೀರಿ ತೊಲೆ ಕೆಳಗೆ!” ಎಂದಳು ಶಾರದಾ. ಎಳೆದೆ. ಅದರ ಮೇಲೆ ಅವಳು ಪುಸ್ತಕದ ಕಟ್ಟೊಂದನ್ನು ಧಡಾರನೆ ಇಟ್ಟಳು. ಆಗ ಅರ್ಥವಾಯಿತು. ಕಟ್ಟಿನ ಮೇಲೆ ಕಟ್ಟು, ತೊಲೆಯತ್ತ ಪೇರಿಸುತ್ತ ಹೋದೆವು. ಒಂದು ಕಟ್ಟನ್ನು ನಾನು ತಡೆದೆನಂತೆ: “ಅದು ಬೇಡ, ಮುಖಪುಟ ಚೆನ್ನಾಗಿ ಬಂದಿದೆ.” ನನಗೆ ನೆನಪಿಲ್ಲ. ಶಾರದಾಗೆ ಮಾತ್ರ ಅಕ್ಷರಕ್ಷರ ನೆನಪಿದೆ. ಕೊನೆಗೆ ಉಳಿದ ಸಂದಿಗೆ ಬಿಡಿ ಪುಸ್ತಕ ತುರುಕಿ ಒನಕೆಯಿಂದ ಗುದ್ದಿದೆವು. ತೊಲೆ ಕಿರ್ರೆಂದು ಪುಸ್ತಕಗಳ ಮೇಲೆ ಕೂತು, ನಿಂತಿತು.

ಶಾರದಾ ಕೂಗಿದ್ದಕ್ಕೆ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರದ ಶಿವಲಿಂಗಣ್ಣ ಮಕ್ಕಳ ಜೊತೆ ಓಡಿಬಂದರು. ಅವ್ವನನ್ನು ಜಮಖಾನದ ಸಮೇತ ಎತ್ತಿ, ಉಸಿರು ಬಿಗಿಹಿಡಿದು ಹೊಸಿಲು ದಾಟಿಸಿದೆವು. ಅಂಗಳದಲ್ಲಿ ಅವ್ವ ಕೇಳಿದ ಮೊದಲ ಮಾತು: “ಕಾಯಿ ಒಡೀಲಿಲ್ಲ ತಾನೆ?” ಶಿವಲಿಂಗಣ್ಣ ಬಾಗಿಲಿಂದ ಇಣುಕಿ, ಆ ಗೋಪುರವನ್ನು ನೋಡಿ, “ನಿನ್ ಪುಸ್ತಕ ಖರ್ಚಾಗದೆ ಇದ್ದದ್ದು ಒಳ್ಳೇದೇ ಆಯ್ತು ಕಣಪ್ಪ” ಎಂದರು. ನಗಬೇಕೆಂದುಕೊಂಡೆ. ಕಣ್ಣು ಮತ್ತೆ ಒಳಗಿನ ತೊಲೆಯತ್ತಲೇ ಹೋಯಿತು.

ಆಮೇಲೆ ಅಟ್ಟದ ಕಾಯಿಯನ್ನೆಲ್ಲ ಇಳಿಸಿದೆವು. ಬಡಗಿ ಬಂದು ಹೊಸ ತೊಲೆ ಕೂರಿಸಿದ. ಅವ್ವ ಮತ್ತೆ ತನ್ನ ಮಂಚಕ್ಕೇ ಬಂದಳು. ಎಲ್ಲ ಸರಿಹೋಯಿತು, ನನ್ನೊಬ್ಬನನ್ನು ಬಿಟ್ಟು. ಕಣ್ಣು ಮುಚ್ಚಿದರೆ ಲಟಕ್. ಎದ್ದು ಟಾರ್ಚು ಬಿಟ್ಟು ತೊಲೆ ನೋಡುವುದು. ಪುಸ್ತಕಗಳು ಒಂದು ಕ್ಷಣ ತಡವಾಗಿದ್ದರೆ, ಆ ಕಾಯಿ ಒಂದು ಗೇಣು ಈಚೆ ಬಿದ್ದಿದ್ದರೆ ಎಂದು ಲೆಕ್ಕ ಹಾಕುವುದು. ಹಿಂದೆ ಊಟಕ್ಕೆ ಮುಂಚೆ ಒಂದು ನಕ್ಷತ್ರ, ಊಟದ ಮೇಲೆ ಒಂದು ನಕ್ಷತ್ರ ಎಂದು ಆರಾಮಾಗಿ ಸುಟ್ಟವನು, ಈಗ ಆ ಒಂದು ಗ್ರಹವನ್ನು ಒಡೆಯಲಾರದೆ ಹೋದೆ. ಅಲ್ಲೂ ಯಾರೋ ಕಾಲು ಮುರಿದುಕೊಂಡು ಮಂಚದ ಮೇಲೆ ಮಲಗಿದ್ದರೆ?

“ನೀನು ಎದ್ದೆದ್ದು ಮಖದ ಮ್ಯಾಲೆ ಬೆಳಕು ಬುಟ್ರೆ ನಂಗೆಲ್ಲಿ ನಿದ್ದೆ ಬತ್ತದೆ?” ಎಂದು ಅವ್ವ ಬೈದಳು. “ನಿನಗಲ್ಲವ್ವ, ತೊಲೆಗೆ ಬಿಟ್ಟಿದ್ದು” ಎಂದೆ. “ಅದ್ಕಾದ್ರೂ ನಿದ್ದೆ ಬ್ಯಾಡ್ವೇನ್ಲಾ?” ಎಂದಳು.

ಒಂದು ಗುರುವಾರ ತಿಪಟೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಮನೆಗೆ ಬಂದವಳೇ ಅವ್ವ ಕುಂಟುತ್ತ ನಡುಮನೆಗೆ ನಡೆದಳು. ಕೋಲೆತ್ತಿ ಹೊಸ ತೊಲೆಗೆ ನಾಲ್ಕು ಬಾರಿಸಿ, “ಬೀಳದಾದ್ರೆ ಈಗ್ಲೇ ಬಿದ್ದುಬುಡು. ಈಗ ನಾನೂ ಓಡ್ತೀನಿ” ಎಂದಳು. ಅದು ಬೀಳಲಿಲ್ಲ. ಅವಳು ಬಾಗಿಲವರೆಗೆ ನಡೆದು, ತಿರುಗಿ ಬಂದು, ನನ್ನ ಮುಖ ನೋಡಿ ಇನ್ನೊಮ್ಮೆ ನಡೆದು ತೋರಿಸಿದಳು.

ಆ ರಾತ್ರಿ ನಾನು ಮಲಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಅಂಗಳಕ್ಕೆ ಹೋದರೆ ಅವ್ವನೂ ಶಾರದಾಳೂ ಜಗಲಿಯ ಮೇಲೆ ಚಾಪೆ ಸುತ್ತಿಡುತ್ತಿದ್ದರು. ನನ್ನ ಗೊರಕೆಗೆ ತೊಲೆಯೇ ಅದುರುತ್ತಿದೆಯೇನೋ ಅನ್ನಿಸಿ ಇಬ್ಬರೂ ಹಾಸಿಗೆ ಹೊರಗೆ ತಂದುಕೊಂಡರಂತೆ. ಅಲ್ಲಿ ಚೆನ್ನಾಗಿ ನಿದ್ದೆ ಬಂತಂತೆ.