ವಿಷಯಾಂತರ ನಿವಾರಣಾ ಉಪಸಮಿತಿ

ಚಿಕ್ಕಬಳ್ಳಾಪುರದ ಸಮಚಿತ್ತ ಚಿಂತನ ಬಳಗದಲ್ಲಿ ಇಪ್ಪತ್ತಾರು ಸದಸ್ಯರಿದ್ದಾರೆ. ಸುಖಕ್ಕೆ ಹಿಗ್ಗದೆ ದುಃಖಕ್ಕೆ ಕುಗ್ಗದೆ ಬಾಳಬೇಕೆಂಬುದು ನಮ್ಮ ತತ್ವ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರಿ ಅದನ್ನು ಚರ್ಚಿಸುತ್ತೇವೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು ವೆಂಕಟೇಶಮೂರ್ತಿಯಾದ ನಾನು ಕಾರ್ಯದರ್ಶಿ. ಸಮಚಿತ್ತದಲ್ಲಿ ನನ್ನನ್ನು ಮೀರಿಸುವವರು ಬಳಗದಲ್ಲಿಲ್ಲ. ಯಾರಾದರೂ ಅನುಮಾನಪಟ್ಟರೆ ನನಗೆ ವಿಪರೀತ ಸಿಟ್ಟು ಬರುತ್ತದೆ.

ಕಳೆದ ಜೂನ್‌ನಲ್ಲಿ ಮಂಡಿಕಲ್ಲಿನ ಲಕ್ಷ್ಮೀನರಸಮ್ಮ ಸಭೆಯ ನಡುವೆ ಎದ್ದು ನಿಂತರು. ಅಂಗನವಾಡಿಯಿಂದ ನಿವೃತ್ತರಾದವರು, ನಾಲ್ಕು ವರ್ಷದಿಂದ ಬಳಗದಲ್ಲಿ ತುಟಿ ಬಿಚ್ಚದೆ ಕೂತಿದ್ದವರು.

"ಮೇಷ್ಟ್ರೇ, ಹೋದ್ ವಾರ ನಮ್ಮಕ್ಕ ತೀರ್ಕೊಂಡ್ಳು. ಹನ್ನೊಂದು ವರ್ಷದಿಂದ ನಾವಿಬ್ರೂ ಮಾತು ಬಿಟ್ಟಿದ್ವಿ. ಹೆಣದ ಮುಂದೆ ನಿಂತ್ರೂ ಒಂದ್ ತೊಟ್ಟು ಕಣ್ಣೀರು ಬರ್ಲಿಲ್ಲ. ಇದು ಸಮಚಿತ್ತಾನಾ, ಕಲ್ಲುಮನಸ್ಸಾ?"

ನಾನು ಕಾರ್ಯಸೂಚಿ ನೋಡಿದೆ. ಅಂದಿನ ವಿಷಯ 'ದುಃಖದ ಸ್ವರೂಪ.' ಅಕ್ಕನ ಉಲ್ಲೇಖ ಎಲ್ಲೂ ಇರಲಿಲ್ಲ.

"ಇದು ವಿಷಯಾಂತರ ಆಗುತ್ತೆ ತಾಯಿ," ಅಂದೆ.

ಅವರು ಕೂತರು. ಮುಂದಿನ ಭಾನುವಾರ ಬರಲಿಲ್ಲ.

ಇಂಥದ್ದು ಮರುಕಳಿಸಬಾರದೆಂದು ಉಪಸಮಿತಿ ರಚನೆಯಾಯಿತು. ನಾನು ಅಧ್ಯಕ್ಷ, ತೊಂಡೇಬಾವಿಯ ನಿವೃತ್ತ ಗುಮಾಸ್ತ ಪಿಳ್ಳಪ್ಪ ಸದಸ್ಯ. ಮೂರು ಬೈಠಕ್ಕಿನ ನಂತರ ಪ್ರಕಟಣೆ ಹೊರಬಿತ್ತು:

'ಚರ್ಚೆಯಲ್ಲಿ ದುಃಖದ ಬಗ್ಗೆ ಮಾತನಾಡಬಹುದು, ದುಃಖಪಡತಕ್ಕದ್ದಲ್ಲ. ಸಾವನ್ನು ಪ್ರಸ್ತಾಪಿಸಬಹುದು, ಸತ್ತವರು ಸದಸ್ಯರ ಸಂಬಂಧಿಕರಾಗಿರತಕ್ಕದ್ದಲ್ಲ. ಪ್ರಶ್ನೆ ಕೇಳುವವರು ಉತ್ತರವನ್ನು ಎರಡು ಪ್ರತಿಗಳಲ್ಲಿ ಮುಂಚಿತವಾಗಿ ಸಲ್ಲಿಸತಕ್ಕದ್ದು.'

"ಸಾರ್, ಕೆಮ್ಮು ಬಂದ್ರೆ?" ಎಂದರು ಪಿಳ್ಳಪ್ಪ.

"ತತ್ವಕ್ಕೆ ಸಂಬಂಧಪಟ್ಟಿದ್ರೆ ಕೆಮ್ಮಬಹುದು."

ಆಗಸ್ಟ್ ಹೊತ್ತಿಗೆ ಸಭೆಗೆ ಬರುವವರು ಮೂರೇ ಜನ. ವಿಷಯಾಂತರ ಸಂಪೂರ್ಣ ನಿಂತಿದೆಯೆಂದು ವರದಿ ಬರೆದೆ. ಆಮೇಲೆ ಗೊತ್ತಾಯಿತು: ಮಿಕ್ಕವರೆಲ್ಲ ಭಾನುವಾರದ ಬಸ್ ಹತ್ತಿ ಮಂಡಿಕಲ್ಲಿಗೆ ಹೋಗಿ, ಲಕ್ಷ್ಮೀನರಸಮ್ಮನವರ ಜಗಲಿ ಮೇಲೆ ಕೂತು, ಯಾವ ಕಾರ್ಯಸೂಚಿಯೂ ಇಲ್ಲದೆ ಮಾತಾಡುತ್ತಿದ್ದರು. ಕೆಲವರು ಅಳುತ್ತಲೂ ಇದ್ದರಂತೆ.

ನೋಟಿಸ್ ಹಿಡಿದು ನಾನೇ ಹೋದೆ. ಲಕ್ಷ್ಮೀನರಸಮ್ಮ ಅದನ್ನು ಪೂರ್ತಿ ಓದಿ, ಮಡಿಸಿಟ್ಟು, ಕಾಫಿ ಕೊಟ್ಟರು.

"ಮನೇಲಿ ಎಲ್ರೂ ಚೆನ್ನಾಗಿದಾರಾ ಮೇಷ್ಟ್ರೇ?"

ಚೆನ್ನಾಗಿದ್ದಾರೆ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ಬೇರೆ: "ನನ್ ತಮ್ಮ ಕೇಶವ ಶಿಡ್ಲಘಟ್ಟದಲ್ಲಿದಾನೆ. ಮಾತು ಬಿಟ್ಟು ಆರು ವರ್ಷ ಆಯ್ತು."

"ಬದುಕಿದಾರಲ್ಲ?"

"ಹೂಂ."

"ಮತ್ತೆ ಇಲ್ಲೇನ್ ಮಾಡ್ತಿದೀರಿ? ಎದ್ದೇಳಿ. ನಿಮಗಿನ್ನೂ ಬಸ್ ಐತೆ. ನಂಗೆ..."

ಮಾತನ್ನು ಅಲ್ಲಿಗೇ ಬಿಟ್ಟು ಸೆರಗು ಬಾಯಿಗಿಟ್ಟುಕೊಂಡು, ಅಕ್ಕಾ ಅಕ್ಕಾ ಎಂದು ಅತ್ತರು. ಯಾವ ನಿಯಮದಡಿ ತಡೆಯಬೇಕೆಂದು ನನಗೆ ತೋಚಲಿಲ್ಲ. ನಾನೇ ಬರೆದ ನಿಯಮಗಳು. ಒಂದೂ ನೆನಪಿಗೆ ಬರಲಿಲ್ಲ.

ಶಿಡ್ಲಘಟ್ಟದಲ್ಲಿ ಬಾಗಿಲು ತೆರೆದ ಕೇಶವ ನನ್ನನ್ನು ನೋಡಿ ಗಾಬರಿಯಾದ.

"ಯಾರ್ ಹೋದ್ರಣ್ಣ?"

"ಯಾರೂ ಇಲ್ಲ ಕಣೋ. ಸುಮ್ನೆ ಬಂದೆ."

ಅವನು ಬಾಗಿಲು ಪೂರ್ತಿ ತೆಗೆದು ದಾರಿ ಬಿಟ್ಟ. ಆಮೇಲೆ, "ಊಟ ಮಾಡ್ತೀಯಾ?" ಅಂದ. ತಟ್ಟೆಗೆ ಅನ್ನ ಬೀಳುವ ಮೊದಲೇ ಬಳಗದ ಕಾರ್ಯದರ್ಶಿ ಮಗುವಿನ ಹಾಗೆ ಅತ್ತುಬಿಟ್ಟರು.

ಶಿಡ್ಲಘಟ್ಟದ ಸುದ್ದಿ ನನಗಿಂತ ಮೊದಲೇ ಬಳಗವನ್ನು ತಲುಪಿತ್ತು; ಮುಂದಿನ ಭಾನುವಾರ ಸಭೆಗೆ ಪೂರ್ಣ ಹಾಜರಾತಿ. ಕಾರ್ಯದರ್ಶಿ ನಿಯಮ ಮೀರಿ ದುಃಖಪಟ್ಟಿದ್ದಾರೆಂದು ಪಿಳ್ಳಪ್ಪ ದೂರು ಕೊಟ್ಟರು. ಉಪಸಮಿತಿಯ ಅಧ್ಯಕ್ಷನಾಗಿ ವಿಚಾರಣೆ ನಡೆಸಿದೆ. ಆರೋಪ ಸಾಬೀತಾಯಿತು. ನನಗೆ ನಾನೇ ಕಟ್ಟುನಿಟ್ಟಾಗಿ ಎಚ್ಚರಿಕೆ ಕೊಟ್ಟು, ಅದನ್ನು ಧನ್ಯವಾದಗಳೊಂದಿಗೆ ಸ್ವೀಕರಿಸಿದೆ.

ಅಷ್ಟರಲ್ಲಿ ಲಕ್ಷ್ಮೀನರಸಮ್ಮ ಎದ್ದು, "ಅಣ್ಣ ತಮ್ಮ ಒಂದಾದ್ರು!" ಎಂದು ಕೂಗಿಬಿಟ್ಟರು. ಇಡೀ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

"ಇದನ್ನ ಏನಂತ ಬರೀಲಿ ಸಾರ್? ಹಿಗ್ಗೋ ಹಾಗಿಲ್ವಲ್ಲ," ಎಂದು ಪಿಳ್ಳಪ್ಪ ಪೆನ್ನು ಹಿಡಿದು ಒದ್ದಾಡಿದರು.

'ಸೊಳ್ಳೆಗಳ ಕಾಟದ ನಿಮಿತ್ತ ಸದಸ್ಯರು ಎರಡು ನಿಮಿಷ ಕೈ ತಟ್ಟಿದರು' ಎಂದು ಬರೆಸಿದೆ. ಇಪ್ಪತ್ತಾರು ಜನರೂ ಓದಿ, ಸರಿಯಿದೆಯೆಂದು ಸಹಿ ಹಾಕಿದರು.